ಬೇಯಿಸಿ ನೋಡಿ ತಂದ ಕಂಪ್ಯೂಟರ್

ನಮ್ಮ ಪಡಸಾಲೆಯ ಕಿಟಕಿ ಪಕ್ಕದ ಮೇಜಿನ ಮೇಲೆ ಒಂದು ಅಕ್ಕಿ ಚೀಲ ಕೂತಿದೆ. ಮೂಲೆಗೆ ಒರಗಿಲ್ಲ, ಮಲಗಿಲ್ಲ. ಪರೀಕ್ಷೆಗೆ ಬಂದ ಹುಡುಗನಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದೆ. ಅದರ ಎದೆಯ ಮೇಲೆ ಭತ್ತದ ತೆನೆಯ ಚಿತ್ರ, ಅದರ ಕೆಳಗೆ ದಪ್ಪ ಕೆಂಪು ಅಕ್ಷರದಲ್ಲಿ ‘ಹಳೆ ಅಕ್ಕಿ’. ಹೊಸದಾಗಿ ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನಮ್ಮನ್ನು ನೋಡುತ್ತಾರೆ. ಪಕ್ಕದ ಮನೆಯ ಗೌರಕ್ಕ ಒಂದು ವಾರ ತಡೆದುಕೊಂಡು, ಕಡೆಗೆ ಅವ್ವನನ್ನು ಕೇಳಿಯೇಬಿಟ್ಟಳು.

“ಅಲ್ಲಬೇ, ಅಕ್ಕಿ ಚೀಲಾನ ಮೇಜಿನ ಮ್ಯಾಲೆ ಯಾಕ ಇಟ್ಟೀರಿ? ಇಲಿ ಕಾಟ ಭಾಳ ಆಗೇತೇನು?”

“ಇಲಿ ಅದರೊಳಗ ಐತಿ,” ಎಂದಳು ಅವ್ವ.

ನಿಜ ಹೇಳಿದ್ದಳು. ಚೀಲದೊಳಗಿರುವುದು ನಮ್ಮ ಕಂಪ್ಯೂಟರ್. ಕುರುಗೋಡಿನ ಧೂಳು ಎಂಥದ್ದೆಂದು ಇಲ್ಲಿ ಒಂದು ಬೇಸಿಗೆ ಕಳೆದವರಿಗೆ ಹೇಳಬೇಕಾಗಿಲ್ಲ. ಬೆಳಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆ ಬೆರಳಿಂದ ಹೆಸರು ಬರೆಯಬಹುದು. ಅದಕ್ಕೇ ಅವ್ವ ಖಾಲಿ ಅಕ್ಕಿ ಚೀಲ ಕತ್ತರಿಸಿ, ತನ್ನ ಹೊಲಿಗೆ ಯಂತ್ರದಲ್ಲಿ ಅಂಚು ಮಡಚಿ ಹೊಲಿದು, ಕಂಪ್ಯೂಟರಿಗೆ ಒಂದು ಅಂಗಿ ಮಾಡಿದ್ದಾಳೆ. ಮೌಸಿಗೆ ಬೇರೆ ಸಣ್ಣ ಕುಲಾವಿ. ಪ್ರತಿ ಸಂಜೆ ಆ ಅಂಗಿ ತೆಗೆಯುವಾಗ ನನಗೆ ನಗು ಬರುತ್ತದೆ, ಯಾಕೆಂದರೆ ಈ ಕಂಪ್ಯೂಟರನ್ನು ಆರಿಸಿದ ರೀತಿಗೆ ಇದಕ್ಕಿಂತ ತಕ್ಕ ಅಂಗಿ ಇನ್ನೊಂದಿರಲಿಲ್ಲ.

ಮೊದಲು ನನ್ನ ವಿಷಯ ಒಂದಿಷ್ಟು ಹೇಳಿಬಿಡುತ್ತೇನೆ. ನಾನು ಬಳ್ಳಾರಿಯಲ್ಲಿ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ದಿನಚರಿ ಬರೆಯುತ್ತೇನೆ. ತಾರೀಕು ಹಾಕದೆ ಏನನ್ನೂ ಬರೆಯಲಾರೆ. ಮಾವಿನ ಉಪ್ಪಿನಕಾಯಿ ಭರಣಿಗೂ ತಾರೀಕಿನ ಚೀಟಿ ಅಂಟಿಸುವವಳು ನಾನು. ಯಾವುದನ್ನಾದರೂ ಎಣಿಸಬೇಕೆಂದರೆ ನಾಲ್ಕು ನಿಲುಗೆರೆ ಎಳೆದು, ಐದನೆಯದನ್ನು ಅಡ್ಡ ಹೊಡೆಯುವ ಅಭ್ಯಾಸ. ಬಸ್ಸಿನಲ್ಲಿ ಸೀಟು ಸಿಕ್ಕ ದಿನಕ್ಕೊಂದು ಗೆರೆ, ಅವ್ವ ಉಪ್ಪು ಮರೆತ ದಿನಕ್ಕೊಂದು ಗೆರೆ. ಎರಡನೆಯದು ಅವ್ವನಿಗೆ ಗೊತ್ತಾದ ಮೇಲೆ ನಿಂತುಹೋಯಿತು.

ಈ ಗೆರೆಯ ಹುಚ್ಚು ನನಗೆ ಹತ್ತಿದ್ದು ಸಿರುಗುಪ್ಪದಲ್ಲಿ, ನನ್ನ ಸೋದರಮಾವನ ಮನೆಯಲ್ಲಿ.

ಮಾಮ ಅಕ್ಕಿ ದಲಾಲಿ. ಗಿರಣಿಯವರಿಗೂ ಕೊಳ್ಳುವವರಿಗೂ ನಡುವೆ ನಿಂತು ಮಾತು ಕುದುರಿಸುವುದು ಅವನ ಕಸುಬು. ಬೇಸಿಗೆ ರಜೆಗೆ ನಾನೂ ತಂಗಿ ಸಿಂಧುವೂ ಅಲ್ಲಿಗೆ ಹೋದರೆ ಊರು ತುಂಬ ತೌಡಿನ ಬೆಚ್ಚನೆಯ ವಾಸನೆ. ತಲೆಗೂದಲಲ್ಲಿ ಹೊಟ್ಟಿನ ಚೂರು, ಹಾಸಿಗೆಯಲ್ಲಿ ಹೊಟ್ಟಿನ ಚೂರು. ಮಾಮನ ಬಿಳಿ ಜುಬ್ಬಾದ ಎರಡೂ ಪಕ್ಕದ ಜೇಬು ಯಾವಾಗಲೂ ಉಬ್ಬಿರುತ್ತಿದ್ದವು. ನಮ್ಮ ಗೆಳತಿಯರ ಮಾವಂದಿರ ಜೇಬಲ್ಲಿ ಪೆಪ್ಪರಮೆಂಟು ಇದ್ದರೆ, ನಮ್ಮ ಮಾಮನ ಜೇಬಲ್ಲಿ ಅಕ್ಕಿ.

ಅವನು ಅಕ್ಕಿ ನೋಡುವುದನ್ನು ನೋಡಬೇಕು. ಚೀಲದಿಂದ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡುತ್ತಾನೆ. ಉಫ್ ಎಂದು ಊದುತ್ತಾನೆ. ಬೆರಳಿಂದ ಸರಿಸಿ ನುಚ್ಚು ಎಷ್ಟಿದೆ ನೋಡುತ್ತಾನೆ. ಮೂಸುತ್ತಾನೆ. ಒಂದು ಕಾಳು ಬಾಯಿಗೆ ಹಾಕಿ ಹಲ್ಲಿಂದ ಕಚ್ಚಿ, ಕಟ್ ಎಂಬ ಸಪ್ಪಳಕ್ಕೆ ಕಿವಿ ಕೊಡುತ್ತಾನೆ. ಆಮೇಲೆ ತೀರ್ಪು. ಅದನ್ನು ಬಾಯಿಂದ ಹೇಳುವುದಿಲ್ಲ. ಬೇಡವೆನಿಸಿದರೆ ಆ ಹಿಡಿಯನ್ನು ವಾಪಸು ಚೀಲಕ್ಕೆ ಸುರಿಯುತ್ತಾನೆ. ಒಪ್ಪಿದರೆ ಜೇಬಿಗೆ ಹಾಕಿಕೊಳ್ಳುತ್ತಾನೆ. ಮಾಮನ ಕೈ ಜೇಬಿನ ಕಡೆ ಹೋಯಿತೆಂದರೆ ವ್ಯಾಪಾರ ಕುದುರಿತು ಎಂದೇ ಲೆಕ್ಕ. ಗಿರಣಿಯವರು ಅವನ ಮುಖ ನೋಡುತ್ತಿರಲಿಲ್ಲ, ಕೈಯನ್ನೇ ನೋಡುತ್ತಿದ್ದರು.

ದೊಡ್ಡ ವ್ಯಾಪಾರವಾದರೆ ಇನ್ನೂ ಒಂದು ಪರೀಕ್ಷೆ ಇತ್ತು. ಮಾದರಿಗಳು ಮನೆಗೆ ಬರುತ್ತಿದ್ದವು. ಅತ್ತೆ ಮೂರು ಸಣ್ಣ ಪಾತ್ರೆಯಲ್ಲಿ ಮೂರು ಬಗೆಯ ಅನ್ನ ಬೇಯಿಸಿ ನಮ್ಮ ಮುಂದಿಡುತ್ತಿದ್ದಳು. ಸಾರಿಲ್ಲ, ತುಪ್ಪವಿಲ್ಲ, ಬರೇ ಅನ್ನ. “ಉಣ್ಣೋರು ಹೇಳಬೇಕು, ಮಾರೋರಲ್ಲ, ಕೊಳ್ಳೋರೂ ಅಲ್ಲ,” ಎನ್ನುತ್ತಿದ್ದ ಮಾಮ. ನಾವು ಮಕ್ಕಳು ಒಂದೊಂದು ತುತ್ತು ತಿಂದು, ಯಾವುದು ಉದುರುದುರಾಗಿದೆ, ಯಾವುದು ಮುದ್ದೆಯಾಗಿದೆ ಎಂದು ಹೇಳಬೇಕು. ನನ್ನ ಕೈಗೆ ಸೀಮೆಸುಣ್ಣ ಕೊಟ್ಟು, ಅಡುಗೆಮನೆಯ ಗೋಡೆಯ ಮೇಲೆ ಓಟು ಬರೆಸುತ್ತಿದ್ದ. ಮೊದಲನೇ ಪಾತ್ರೆಗೆ ಎರಡು ಗೆರೆ, ನಡುವಿನದಕ್ಕೆ ಐದು. “ಏನ್ರಿ ಶಾನಭೋಗ್ರ, ಯಾವುದು ಗೆದ್ದಿತ್ರಿ?” ಎಂದು ಮಾಮ ಗಂಭೀರವಾಗಿ ಕೇಳುತ್ತಿದ್ದ. ನಾನು ಅಷ್ಟೇ ಗಂಭೀರವಾಗಿ ಹೇಳುತ್ತಿದ್ದೆ. ಅವನು ಇವತ್ತಿಗೂ ನನ್ನನ್ನು ಕರೆಯುವುದು ಶಾನಭೋಗ್ರು ಎಂದೇ. ಸಿಂಧು ಮಾತ್ರ ಆ ಕಾಲದಲ್ಲಿ ಮೂರಕ್ಕೂ ಓಟು ಹಾಕುತ್ತಿದ್ದಳು. ಅವಳಿಗೆ ಅನ್ನ ಅಂದರೆ ಪ್ರೀತಿ, ಪಕ್ಷಪಾತ ಗೊತ್ತಿರಲಿಲ್ಲ.

ಆ ಸಿಂಧು ಈಗ ಹತ್ತನೇ ತರಗತಿ. ಕಂಪ್ಯೂಟರ್ ಬೇಕಾಗಿದ್ದು ಅವಳಿಗೆ.

ಅವಳ ಶಾಲೆಯಲ್ಲಿ ‘ಕಾಲುವೆ’ ಎಂಬ ಗೋಡೆ ಪತ್ರಿಕೆ ಇದೆ. ಮಕ್ಕಳು ಕೈಯಲ್ಲಿ ಬರೆದ ಕತೆ, ಪದ್ಯ, ಒಗಟುಗಳನ್ನು ಹಲಗೆಗೆ ಅಂಟಿಸುತ್ತಾರೆ. ಬಿಸಿಲಿಗೆ ಶಾಯಿ ಮಾಸುತ್ತದೆ, ಒಂದು ತಿಂಗಳಲ್ಲಿ ಮೂಲೆಗಳು ಸುರುಳಿಯಾಗುತ್ತವೆ, ಆಮೇಲೆ ಕಸದ ಬುಟ್ಟಿ. ಈ ವರ್ಷ ಸಿಂಧು ಅದರ ಸಂಪಾದಕಿ. ಕನ್ನಡ ಕಲಿಸುವ ಕಮಲಾ ಟೀಚರ್ ಜೂನ್‌ನಲ್ಲೇ ಒಂದು ಮಾತು ಹೇಳಿದ್ದರು. ಯಾರಾದರೂ ಮನೆಯಲ್ಲಿ ಕೂತು ಎಲ್ಲವನ್ನೂ ಟೈಪ್ ಮಾಡಿ ಪುಟ ಜೋಡಿಸಿಕೊಟ್ಟರೆ, ಶಾಲಾ ವಾರ್ಷಿಕೋತ್ಸವಕ್ಕೆ ‘ಕಾಲುವೆ’ಯನ್ನು ನಿಜವಾದ ಪುಸ್ತಕವಾಗಿ ಮುದ್ರಿಸಬಹುದು. ಶಾಲೆಯ ಕಂಪ್ಯೂಟರುಗಳ ಮುಂದೆ ಯಾವಾಗಲೂ ಸಾಲು, ಅಲ್ಲಿ ಆಗುವ ಕೆಲಸವಲ್ಲ. “ನಾ ಮಾಡತೀನಿ ಟೀಚರ್, ನಮ್ಮ ಮನ್ಯಾಗ ಕಂಪ್ಯೂಟರ್ ಬರಾಕತ್ತೈತಿ,” ಎಂದು ಸಿಂಧು ಕೈ ಎತ್ತಿಬಿಟ್ಟಳು. ಮುಂದಿನ ವರ್ಷ ಅವಳು ಆ ಶಾಲೆಯಲ್ಲಿ ಇರುವುದಿಲ್ಲ. ಅವಳಿಗಿದ್ದದ್ದು ಇದೊಂದೇ ವರ್ಷ.

ಅಪ್ಪ ನನ್ನನ್ನು ಕರೆದು ಎರಡೇ ಮಾತಲ್ಲಿ ಮುಗಿಸಿದರು. “ಇಪ್ಪತ್ತು ಸಾವಿರದ ಮ್ಯಾಲೆ ಹೋಗಬ್ಯಾಡ. ಉಳಿದಿದ್ದು ನಿನಗ ಬಿಟ್ಟಿದ್ದು.”

ನನಗೆ ಬಿಟ್ಟದ್ದೇ ತಪ್ಪಾಯಿತು.

ನಾನು ಹೊಸ ಪುಸ್ತಕ ತಂದೆ. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ‘ಹಳೆಯದು ಬೇಡ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ನಂತರ ಅಂಕಣಗಳು. ಬೆಲೆ, ಪರದೆಯ ಅಳತೆ, ನೆನಪಿನ ಶಕ್ತಿ, ತೂಕ, ವಾರಂಟಿ, ಬ್ಯಾಟರಿ, ಹೀಗೆ ಹದಿನಾಲ್ಕು. ಸಲಹೆ ಕೇಳಿದವರಿಗೆಲ್ಲ ಗೆರೆ ಹಾಕಿದೆ. ‘ಒಳ್ಳೇ ಪ್ರೊಸೆಸರ್ ಇರಬೇಕು ನೋಡು’ ಎಂದವರು ಒಂಬತ್ತು ಮಂದಿ. ಹಾಗೆಂದರೇನು ಎಂದು ಕೇಳಿದಾಗ ಉತ್ತರ ಕೊಟ್ಟವನು ಒಬ್ಬ. ಅವನೂ ಹೇಳಿದ್ದು, “ಅಂದ್ರ... ಒಳ್ಳೇದಿರಬೇಕು.” ಕಚೇರಿಯ ಸಹೋದ್ಯೋಗಿಯೊಬ್ಬ ನನ್ನ ಪಟ್ಟಿ ನೋಡಿ, “ಮೇಡಂ, ಇದರಿಂದ ರಾಕೆಟ್ ಬಿಡತೀರೇನ್ರಿ?” ಎಂದ. ರಾಕೆಟ್ ಅಲ್ಲ, ತಂಗಿ ಕನ್ನಡ ಟೈಪ್ ಮಾಡಬೇಕು, ಪಾಠದ ವಿಡಿಯೋ ನೋಡಬೇಕು, ಅಪ್ಪ ಕರೆಂಟ್ ಬಿಲ್ ಕಟ್ಟಬೇಕು, ಅವ್ವ ರವಿಕೆಯ ತೋಳಿನ ಹೊಸ ನಮೂನೆಗಳನ್ನು ದೊಡ್ಡದಾಗಿ ನೋಡಬೇಕು, ಅಷ್ಟೇ ಎಂದೆ. ಅಷ್ಟೇ ಆಗಿದ್ದರೆ ಅಂಕಣ ಹದಿನಾಲ್ಕು ಯಾಕೆ ಎಂದು ಅವನು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಜುಲೈಯಲ್ಲಿ ಒಂದು ಲ್ಯಾಪ್‌ಟಾಪ್ ಮೊದಲ ಸ್ಥಾನಕ್ಕೆ ಬಂತು. ದಸರಾಕ್ಕೆ ಬೆಲೆ ಇಳಿಯುತ್ತದೆ ಎಂದರು, ಕಾದೆ. ದಸರಾಕ್ಕೆ ಇಳಿಯಿತು. ದೀಪಾವಳಿಗೆ ಇನ್ನೂ ಇಳಿಯಬಹುದೆಂದು ಇನ್ನಷ್ಟು ಕಾದೆ. ದೀಪಾವಳಿಗೆ ಅದು ಅಂಗಡಿಯಲ್ಲೇ ಇರಲಿಲ್ಲ. ನನ್ನ ಪಟ್ಟಿಯಲ್ಲಿ ಮಾತ್ರ ಅದು ಇನ್ನೂ ಮೊದಲ ಸ್ಥಾನದಲ್ಲಿ ಮೆರೆಯುತ್ತಿತ್ತು.

ಅಷ್ಟರಲ್ಲಿ ಸಿಂಧು ಸುಮ್ಮನೆ ಕೂತಿರಲಿಲ್ಲ. ಹಳೆ ಕ್ಯಾಲೆಂಡರಿನ ರಟ್ಟಿನ ಹಿಂಬದಿಗೆ ಕೀಬೋರ್ಡ್ ಬರೆದುಕೊಂಡಳು, ಒಂದೊಂದು ಕೀಲಿಗೂ ಕನ್ನಡ ಅಕ್ಷರ. ಊಟವಾದ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ಮೊಬೈಲಿನಲ್ಲಿ ಪಾಠ ನೋಡುತ್ತ, ಬೆರಳಾಡಿಸುತ್ತಿದ್ದಳು. ಒಮ್ಮೆ ಅವ್ವ ನೋಡದೆ ಒಲೆಯಿಂದಿಳಿಸಿದ ಹಾಲಿನ ಪಾತ್ರೆಯನ್ನು ಅದರ ಮೇಲಿಟ್ಟಳು. ‘ಸ’ ಅಕ್ಷರವಿದ್ದ ಜಾಗ ಸುಟ್ಟು ಕಂದು ಉಂಗುರವಾಯಿತು. ಅವಳ ಹೆಸರಿನ ಮೊದಲ ಅಕ್ಷರವೇ. ಅಂದಿನಿಂದ ಅಲ್ಲಿಗೆ ಬಂದಾಗ ಅವಳ ಬೆರಳು, ಇನ್ನೂ ಬಿಸಿಯಿದೆಯೇನೋ ಎಂಬಂತೆ, ಒಂದು ಕ್ಷಣ ತಡೆಯುತ್ತಿತ್ತು.

“ಅಕ್ಕಾ, ನೀ ಕಂಪ್ಯೂಟರ್ ತರೂದ್ರಾಗ ನಾ ಸಾಲಿ ಮುಗಿಸಿ, ಮದಿವಿ ಆಗಿ, ನನ್ನ ಮಕ್ಕಳು ಬಂದು ‘ಕಾಲುವೆ’ಗೆ ಬರಿತಾರ ನೋಡು,” ಎಂದಳು ಒಂದು ದಿನ. ನಗುತ್ತಲೇ ಅಂದಿದ್ದಳು. ಆದರೆ ನವೆಂಬರಿನ ಒಂದು ಶುಕ್ರವಾರ ಶಾಲೆಯಿಂದ ಬಂದವಳು ನಗಲಿಲ್ಲ. ಚೀಲ ಇಟ್ಟು ರಟ್ಟಿನ ಕೀಬೋರ್ಡನ್ನು ಬೀರುವಿನ ಮೇಲೆ ತಳ್ಳಿದಳು.

“ಸೋಮವಾರ ಹೇಳಬೇಕಂತ. ಇಲ್ಲಾಂದ್ರ ಹಲಗಿಗೇ ಅಂಟಿಸೂದು ಅಂದ್ರು ಟೀಚರ್. ಬ್ಯಾಡ ಬಿಡು. ಪ್ರತಿ ವರ್ಷ ಅಂಟಸ್ತೀವಲ್ಲ.”

ಆ ‘ಬ್ಯಾಡ ಬಿಡು’ ಕೇಳಿದ ಮೇಲೆ ನನಗೆ ಪಟ್ಟಿ ನೋಡಲು ನಾಚಿಕೆಯಾಯಿತು. ಹದಿನಾಲ್ಕು ಅಂಕಣಗಳಲ್ಲಿ ಒಂದರಲ್ಲೂ ಸಿಂಧು ಇರಲಿಲ್ಲ. ಅಷ್ಟು ತಿಂಗಳಲ್ಲಿ ಅವಳನ್ನು ಒಂದು ಸಲವೂ ಅಂಗಡಿಗೆ ಕರೆದುಕೊಂಡು ಹೋಗಿರಲಿಲ್ಲ.

ಅವ್ವ ತನಗೆ ಗೊತ್ತಿದ್ದ ದಾರಿ ಹಿಡಿದಳು. ಅಣ್ಣನಿಗೆ ಫೋನ್ ಮಾಡಿದಳು. ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಮಾಮ ಹಾಜರು. ಅದೇ ಬಿಳಿ ಜುಬ್ಬಾ, ಕೈಯಲ್ಲಿ ಬಟ್ಟೆಯ ಚೀಲ.

“ಏನ್ರಿ ಶಾನಭೋಗ್ರ, ಆರು ತಿಂಗಳಾತಂತ, ಇನ್ನಾ ಆರಿಸಾಕತ್ತೀರೇನ್ರಿ? ಇಷ್ಟರಾಗ ನಾಕು ಲಾರಿ ಅಕ್ಕಿ ತುಂಬಿ ಕಳಿಸ್ತಿದ್ದೆ.”

“ಮಾಮ, ಇದು ಅಕ್ಕಿ ಅಲ್ಲ.”

“ಕೊಳ್ಳೂದು ಎಲ್ಲಾ ಒಂದ ಲೇ. ನಡಿ, ನಡಿ. ಆ ಹುಡುಗಿನೂ ಬರಲಿ.”

ಬಳ್ಳಾರಿಯಲ್ಲಿ ಇಳಿದು ಮೊದಲು ಮಂಡಕ್ಕಿ ಒಗ್ಗರಣೆ, ಮಿರ್ಚಿ. ಹಸಿದವನು ಸಿಕ್ಕಿದ್ದನ್ನು ಕೊಳ್ಳುತ್ತಾನೆ ಎಂಬುದು ಮಾಮನ ಕಾಯಿದೆ. ಆಮೇಲೆ ನನ್ನ ಪಟ್ಟಿಯಲ್ಲಿದ್ದ ದೊಡ್ಡ ಗಾಜಿನ ಅಂಗಡಿಗೆ ಹೋದೆವು. ಮಾಮ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಒಳಗೆ ಎಲ್ಲರೂ ಬೂಟು ಹಾಕಿಕೊಂಡಿದ್ದರು. ಟೈ ಕಟ್ಟಿದ ಹುಡುಗ ಓಡಿ ಬಂದು, ನಮ್ಮ ದುಡ್ಡಿಗೆ ಬರುವ ಒಂದೇ ಒಂದು ಲ್ಯಾಪ್‌ಟಾಪ್ ತೋರಿಸಿದ.

“ಲೇಟೆಸ್ಟ್ ಮಾಡೆಲ್ ಸರ್. ಹೋದ ವಾರ ಬಂದಿದ್ದು.”

ಮಾಮನ ಮುಖ ಸಣ್ಣದಾಯಿತು. “ಹೋದ ವಾರಾ? ಇನ್ನಾ ಹಸಿ ಐತಲ್ಲಪಾ.”

ಇದನ್ನು ಬಿಡಿಸಿ ಹೇಳಬೇಕು. ಅಕ್ಕಿಯ ವ್ಯಾಪಾರದಲ್ಲಿ ಹೊಸದಕ್ಕೆ ಮರ್ಯಾದೆ ಕಡಿಮೆ. ಹೊಸ ಅಕ್ಕಿ ಬೇಯಿಸಿದರೆ ಮುದ್ದೆಯಾಗುತ್ತದೆ. ವರ್ಷ ಕೂತ ಹಳೆ ಅಕ್ಕಿ ಉದುರುದುರಾಗಿ, ಇಮ್ಮಡಿಯಾಗಿ ಅರಳುತ್ತದೆ. ಹಾಗಾಗಿ ಹಳೆಯದಕ್ಕೆ ಬೆಲೆ ಜಾಸ್ತಿ. ಮೂವತ್ತು ವರ್ಷ ಇದೇ ಲೆಕ್ಕದಲ್ಲಿ ಬದುಕಿದವನಿಗೆ ಲೋಕದ ಎಲ್ಲ ಸಾಮಾನಿಗೂ ಇದೇ ಕಾನೂನು.

“ಒಂದು ವರ್ಷ ಕುಂತದ್ದು ಇಲ್ಲೇನಪಾ ನಿಮ್ಮ ಗೋಡೌನಿನ್ಯಾಗ?”

“ಇಲ್ಲ ಸರ್, ನಾವು ಹಳೇ ಸ್ಟಾಕ್ ಇಡೋದೇ ಇಲ್ಲ,” ಎಂದ ಹುಡುಗ ಹೆಮ್ಮೆಯಿಂದ.

ಮಾಮ ನನ್ನ ಕಿವಿಯಲ್ಲಿ ಕನಿಕರದಿಂದ ಹೇಳಿದ. “ಪಾಪ, ಬಂಡವಾಳ ಇಲ್ಲ. ಬಂದದ್ದನ್ನ ಬಂದಂಗ ಮಾರಿಕೊಂತಾನ.”

ಆದರೂ ಬೇಯಿಸಿ ನೋಡದೆ ಬಿಡುವವನಲ್ಲ. “ಸಿಂಧು, ಕುಂದರು. ಬರಿ.” ಸಿಂಧು ಕೂತಳು. ಕನ್ನಡ ಬರುವಂತೆ ಮಾಡಲು ಹುಡುಗನಿಗೆ ಕಾಲು ಗಂಟೆ ಹಿಡಿಯಿತು. ಪರದೆಯ ಮೇಲೆ ಒಂದು ಉಂಗುರ ಸುತ್ತುತ್ತಲೇ ಇತ್ತು. ಕೀಲಿಗಳು ಒತ್ತೊತ್ತಾಗಿದ್ದವು, ಒಂದು ಒತ್ತಿದರೆ ಎರಡು ಬೀಳುತ್ತಿದ್ದವು. ಪುಟದ ತಲೆ ಕಂಡರೆ ಕಾಲು ಕಾಣುತ್ತಿರಲಿಲ್ಲ. ಆರು ತಿಂಗಳು ನಾನು ಬರೆದಿಟ್ಟ ಅಂಕಿಗಳಲ್ಲಿ ಇದ್ಯಾವುದೂ ಇರಲಿಲ್ಲ. “ಚೊಲೊ ಐತಿ ಬಿಡು ಮಾಮ, ನಡಿತೈತಿ,” ಎಂದಳು ಸಿಂಧು. ಅಂದದ್ದು ಸೋಮವಾರದ ಹೆದರಿಕೆಗೆ. ಮಾಮ ಅವಳ ಮುಖ ನೋಡಿ, “ಮುದ್ದಿ ಆಗೇತಿ, ಏಳು,” ಎಂದು ಎಬ್ಬಿಸಿದ.

ಅವನೇ ಕೇಳುತ್ತ ಕೇಳುತ್ತ ನಮ್ಮನ್ನು ಒಂದು ಓಣಿಗೆ ಕರೆದೊಯ್ದ. ಅಲ್ಲಿ ಕಚೇರಿಗಳವರು ಬದಲಿಸಿ ಬಿಟ್ಟ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಮಾರುವ ಬಾಷಾ ಭಾಯಿಯ ಅಂಗಡಿ. ನನ್ನ ಕೆಂಪು ಶಾಯಿಯ ‘ಹಳೆಯದು ಬೇಡ’ ನೆನಪಾಗಿ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡೆ.

“ಬರ್ರಿ ಯಜಮಾನ್ರ, ಕುಂದರ್ರಿ. ಇದು ನೋಡ್ರಿ, ಮೂರು ವರ್ಷದ್ದು, ಬಿಲ್ಕುಲ್ ಹೊಸದರಂಗ ಐತಿ.”

“ಮೂರಽ ವರ್ಷಾ? ಅದಕ್ಕಿಂತ ಹಳೇದು ಇಲ್ಲೇನು?”

ಬಾಷಾ ಭಾಯಿ ಒಂದು ಕ್ಷಣ ಮಾಮನನ್ನೇ ನೋಡಿದ. ಅವನ ಜೀವಮಾನದಲ್ಲಿ ಇಂಥ ಗಿರಾಕಿ ಬಂದಿರಲಿಕ್ಕಿಲ್ಲ. “ಐತ್ರಿ... ಆರು ವರ್ಷದ್ದು ಐತಿ.”

“ಇನ್ನಾ?”

“ಇನ್ನಾ ಬೇಕೇನ್ರಿ!” ಬಾಷಾ ಭಾಯಿಗೆ ಹುರುಪು ಬಂತು. ಒಳಗೆ ಹೋಗಿ, ಬೆನ್ನು ಉಬ್ಬಿದ ಹಳೆ ಟಿವಿಯಂಥ ಒಂದನ್ನು ತಬ್ಬಿಕೊಂಡು ಏದುಸಿರು ಬಿಡುತ್ತ ಬಂದ. “ಇದು ನಾ ಅಂಗಡಿ ಇಟ್ಟಾಗಿನಿಂದ ಐತ್ರಿ.”

“ಹಾಂ! ನೋಡು, ಏನು ತೂಕ, ಏನು ತೂಕ!” ಎಂದು ಮಾಮ ಅದರ ಬೆನ್ನು ತಟ್ಟಿದ. ಬೆನ್ನಿನ ಸಂದಿಯಿಂದ ಸಾಲುಗಟ್ಟಿ ಇರುವೆ ಹೊರಟವು. ಸ್ವಿಚ್ ಹಾಕಿದರೆ ಗುಂಯ್ ಎಂದಿತು, ಕಣ್ಣು ಬಿಡಲಿಲ್ಲ. ಚಹಾ ಬಂದು, ಕುಡಿದು ಮುಗಿಸಿದರೂ ಬಿಡಲಿಲ್ಲ. ಮಾಮ ಅದರ ಬೆನ್ನ ಮೇಲಿದ್ದ ಕೈಯನ್ನು ಹಿಂದೆಗೆದುಕೊಂಡ. “ಇದು ಹಳೇದಲ್ಲ, ನುಸಿ ಹಿಡಿದದ್ದು. ಆ ನಡುವಿಂದು ತಗಿ, ಆರು ವರ್ಷದ್ದು.”

ಅದೊಂದು ಮೇಜಿನ ಕಂಪ್ಯೂಟರ್. ಅಗಲ ಪರದೆ, ದಪ್ಪ ಕೀಬೋರ್ಡ್, ಕಪ್ಪು ಪೆಟ್ಟಿಗೆ. ಒಳಗಿನ ಡಿಸ್ಕ್ ಹೊಸದಾಗಿ ಹಾಕಿದ್ದೇನೆ, ನೆನಪಿನ ಶಕ್ತಿಯನ್ನೂ ಹೆಚ್ಚಿಸಿದ್ದೇನೆ ಎಂದ ಬಾಷಾ ಭಾಯಿ. ನಾವು ಚಹಾದ ಲೋಟ ಕೆಳಗಿಡುವುದರೊಳಗೆ ಅದು ಎದ್ದು ಕೂತಿತ್ತು. ಕನ್ನಡ ಆಗಲೇ ಇತ್ತು, ಹಿಂದೆ ಯಾವುದೋ ಕಚೇರಿಯಲ್ಲಿ ದಿನಾ ಕನ್ನಡದಲ್ಲೇ ದುಡಿದ ಯಂತ್ರವಂತೆ.

ಸಿಂಧು ಕೂತಳು. ಬೆರಳಿಟ್ಟಳು. ಮಾಮ ಬಗ್ಗಿ ಕೀಲಿಯ ಸಪ್ಪಳಕ್ಕೆ ಕಿವಿ ಕೊಟ್ಟ, ಕಾಳು ಕಚ್ಚಿದಾಗ ಕೊಡುತ್ತಿದ್ದ ಹಾಗೆಯೇ. ಕಟ್, ಕಟ್, ಕಟ್. ಅವಳು ತನಗೆ ಬಾಯಿಪಾಠವಾಗಿದ್ದ ಸಂಪಾದಕೀಯ ಬರೆಯತೊಡಗಿದಳು. ‘ನಮ್ಮ ಊರಿನ ಕಡೆ ಕಾಲುವೆಗೆ ನೀರು ಬಿಟ್ಟ ದಿನ ಎಲ್ಲರಿಗೂ ಮೊದಲು ಗೊತ್ತಾಗುವುದು ಕಪ್ಪೆಗಳಿಗೆ.’ ನೋಡನೋಡುತ್ತಿದ್ದಂತೆ ಇಡೀ ಪುಟ, ತಲೆಯಿಂದ ಕಾಲಿನವರೆಗೆ, ಪರದೆಯ ಮೇಲೆ ನಿಂತಿತು. ಕೊನೆಗೆ ಹೆಸರು ಬರೆಯಬೇಕು. ಬೆರಳು ‘ಸ’ದ ಮೇಲೆ ಬಂದು, ಅಭ್ಯಾಸದಂತೆ, ಗಾಳಿಯಲ್ಲಿ ತಡೆಯಿತು. ಆಮೇಲೆ ಮೆಲ್ಲಗೆ ಒತ್ತಿತು.

“ಅಕ್ಕಾ,” ಎಂದು ತಿರುಗಿ ನಕ್ಕಳು. “ಇಲ್ಲಿ ಸುಟ್ಟಿಲ್ಲ!”

ಬಾಷಾ ಭಾಯಿಗೆ ಏನೂ ಅರ್ಥವಾಗದೆ, “ಸುಟ್ಟಿಲ್ಲವ್ವಾ, ಗ್ಯಾರಂಟಿ ಮಾಲು, ಸುಡಂಗೇ ಇಲ್ಲ,” ಎಂದು ಆಣೆ ಮಾಡಿದ.

ನಾನು ಪುಸ್ತಕ ತೆರೆದೆ. ಇಷ್ಟು ದಿನದ ಪಟ್ಟಿ ಪೂರಾ ದಂಡವಾಗಲಿಲ್ಲ ಎಂದು ಇಲ್ಲಿ ನನ್ನ ಪರವಾಗಿ ನಾನೇ ಹೇಳಿಕೊಳ್ಳಬೇಕು. ವೈಫೈ ಇದೆಯಾ ಎಂದು ಕೇಳಿದವಳು ನಾನು. ಇರಲಿಲ್ಲ. ಬಾಷಾ ಭಾಯಿ ನಾಲಿಗೆ ಕಚ್ಚಿಕೊಂಡು ಒಂದು ಸಣ್ಣ ಕಡ್ಡಿ ತಂದು ಸಿಕ್ಕಿಸಿ, ಅದು ಬಿಟ್ಟಿ ಎಂದ. ಕರೆಂಟ್ ಹೋದರೆ ಬರೆದದ್ದು ಹಾಳಾಗದಂತೆ ಒಂದು ಬ್ಯಾಟರಿ ಪೆಟ್ಟಿಗೆ ಬೇಕೆಂದೆ. ಒಂದು ವರ್ಷದ ಗ್ಯಾರಂಟಿಯನ್ನು ಕಾಗದದ ಮೇಲೆ ತಾರೀಕು ಹಾಕಿ ಬರೆಸಿಕೊಂಡೆ. “ಯಜಮಾನ್ರ, ನೀವು ಸಸ್ತಾ, ಈ ಮೇಡಂ ಭಾರಿ,” ಎಂದ ಬಾಷಾ ಭಾಯಿ. ಮಾಮ ಹಿಗ್ಗಿದ. “ನಮ್ಮ ಶಾನಭೋಗ್ರು ಅವರು.”

ಬೆಲೆಯ ಮಾತು ಬಂತು. “ಬ್ಯಾಟರಿ ಪೆಟ್ಟಿಗಿ ಸೇರಿ ಹದಿನೆಂಟು ಸಾವಿರ. ಹಳೇದು ಅಂತ ಕಡಿಮಿ ಹೇಳೀನ್ರಿ,” ಎಂದ ಬಾಷಾ ಭಾಯಿ.

ಮಾಮ ಕೆರಳಿದ. “ಹಳೇದು ಅಂತ ಕಡಿಮಿ ಮಾಡತಾರೇನೋ? ನಿನಗ ವ್ಯಾಪಾರ ಗೊತ್ತೈತೋ ಇಲ್ಲೋ? ಹಳೇದಕ್ಕ...”

ನಾನು ಅವನ ಕಾಲು ತುಳಿದೆ. ಜೋರಾಗಿಯೇ ತುಳಿದೆ. ಇನ್ನೊಂದು ಮಾತು ಬಂದಿದ್ದರೆ ಅವನೇ ಬೆಲೆ ಏರಿಸಿಬಿಡುತ್ತಿದ್ದ. ಮಾಮ ಒಮ್ಮೆ ಕಾಲು ನೋಡಿ, ಒಮ್ಮೆ ನನ್ನನ್ನು ನೋಡಿ, ಗಂಟಲು ಸರಿಮಾಡಿಕೊಂಡು ತೆಲುಗಿಗೆ ಹೊರಳಿದ. ಗಟ್ಟಿ ಚೌಕಾಸಿ ಮಾಡುವಾಗ ಅವನಿಗೆ ತೆಲುಗೇ ಬೇಕು. “ಸರೇ, ಕಡೆ ಮಾಟ ಚೆಪ್ಪು, ಎಂತ?” ಬಾಷಾ ಭಾಯಿಯೂ ತೆಲುಗಿನಲ್ಲೇ ಕಡೆಯ ಮಾತು ಹೇಳಿದ. ಹದಿನೇಳಕ್ಕೆ ನಿಂತಿತು.

ಆಮೇಲೆ ಮಾಮ ಮಾಡಿದ್ದನ್ನು ನಾನು ಅಂದೇ ದಿನಚರಿಯಲ್ಲಿ ಬರೆದಿದ್ದೇನೆ, ಸುಳ್ಳಲ್ಲ. ಅವನ ಕೈ ತಾನಾಗಿ ಮೇಜಿನ ಮೇಲೆ ಹೋಯಿತು. ಹಿಡಿ ತುಂಬುವಂಥದ್ದು ಅಲ್ಲಿದ್ದದ್ದು ಒಂದೇ, ಮೌಸು. ಅದನ್ನೆತ್ತಿ ಜುಬ್ಬಾದ ಜೇಬಿಗೆ ಹಾಕಿಕೊಂಡ. ಬಾಲ ಹೊರಗೆ ನೇತಾಡುತ್ತಿತ್ತು, ಅದರ ತುದಿ ಇನ್ನೂ ಕಂಪ್ಯೂಟರಿಗೆ ಸಿಕ್ಕಿಸಿಯೇ ಇತ್ತು.

“ಅರೆ ಯಜಮಾನ್ರ, ಮೌಸು! ಮೌಸು!” ಎಂದು ಬಾಷಾ ಭಾಯಿ ಎದ್ದು ನಿಂತ.

ನಾನೂ ಸಿಂಧುವೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕೆವು. ನಮಗೆ ಗೊತ್ತಾಗಿತ್ತು. ವ್ಯಾಪಾರ ಕುದುರಿತು.

ಅಂಗಡಿಯಲ್ಲಿ ಖಾಲಿ ಪೆಟ್ಟಿಗೆ ಇರಲಿಲ್ಲ. ಮಾಮ ತನ್ನ ಬಟ್ಟೆಚೀಲಕ್ಕೆ ಕೈ ಹಾಕಿ, ಮಡಚಿಟ್ಟಿದ್ದ ಖಾಲಿ ಅಕ್ಕಿ ಚೀಲಗಳನ್ನು ತೆಗೆದ. ಅವು ಇಲ್ಲದೆ ಅವನು ಎಲ್ಲಿಗೂ ಹೊರಡುವುದಿಲ್ಲ. ಪರದೆ ಒಂದರಲ್ಲಿ, ಪೆಟ್ಟಿಗೆ ಒಂದರಲ್ಲಿ, ಉಳಿದದ್ದು ಇನ್ನೊಂದರಲ್ಲಿ. ಬಸ್ಸಿನಲ್ಲಿ ಮೂವರ ತೊಡೆಯ ಮೇಲೂ ಒಂದೊಂದು ಚೀಲ. ಕಂಡಕ್ಟರ್ ಬಂದವನು ಚೀಲದ ಬಾಯಿಂದ ಹೊರಬಿದ್ದಿದ್ದ ವೈರನ್ನು ನೋಡಿದ.

“ಏನ್ರಿ ಯಜಮಾನ್ರ, ಅಕ್ಕಿಗೆ ಬಾಲ ಬಂದೈತಲ್ರಿ?”

“ಸಿರುಗುಪ್ಪದ ಹೊಸ ತಳಿ,” ಎಂದ ಮಾಮ. ಬಸ್ಸಿಗೆ ಬಸ್ಸೇ ನಕ್ಕಿತು. ಲಗೇಜಿನ ಟಿಕೆಟನ್ನು ಮಾತ್ರ ಕಂಡಕ್ಟರ್ ಬಿಡಲಿಲ್ಲ.

ಮನೆಯಲ್ಲಿ ಅವ್ವ ಪರದೆಗೆ ಕುಂಕುಮ ಹಚ್ಚಿ, ಆಮೇಲೆ ಅದು ಅಕ್ಷರಕ್ಕೆ ಅಡ್ಡ ಬರುತ್ತದೆಂದು ತಾನೇ ಒರೆಸಿದಳು. ಅಪ್ಪ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಉಳಿದ ದುಡ್ಡನ್ನು ಲೆಕ್ಕ ಕೇಳದೆ ಜೇಬಿಗಿಟ್ಟರು. ಸೋಮವಾರ ಸಿಂಧು ಶಾಲೆಗೆ ಓಡಿದ ರಭಸಕ್ಕೆ ಟಿಫಿನ್ ಡಬ್ಬಿ ಇಲ್ಲೇ ಉಳಿಯಿತು. ಕಮಲಾ ಟೀಚರ್ ಎಲ್ಲ ಕೈಬರಹಗಳನ್ನು ಅವಳ ಚೀಲಕ್ಕೆ ತುಂಬಿ ಕಳಿಸಿದರು. ಅಂದಿನಿಂದ ನಮ್ಮ ಸಂಜೆಗಳೆಲ್ಲ ಕಟ್ ಕಟ್ ಸಪ್ಪಳದಲ್ಲಿ ಹೋದವು. ಒಂಬತ್ತನೇ ತರಗತಿಯ ಹುಡುಗಿಯ ಎಮ್ಮೆಯ ಮೇಲಿನ ಪದ್ಯ, ರಾರಾವಿ ಊರಿನಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗನ ಹೊಳೆಯ ಕತೆ, ಏಳನೆಯವರ ಒಗಟುಗಳು. ನಾನು ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಿದ್ದೆ. ಸಿಕ್ಕ ತಪ್ಪಿಗೊಂದು ಗೆರೆ. “ಅಕ್ಕಾ, ತಪ್ಪು ತಿದ್ದು, ಗೆರಿ ಆಮ್ಯಾಲೆ ಎಳಿ,” ಎಂದು ಬೈಸಿಕೊಂಡೆ. ಬೀರುವಿನ ಮೇಲಿದ್ದ ರಟ್ಟಿನ ಕೀಬೋರ್ಡನ್ನು ಅವ್ವ ಇಳಿಸಿ, ಈಗ ರಾಜಾರೋಷವಾಗಿ ಬಿಸಿ ಪಾತ್ರೆ ಇಡಲು ಬಳಸುತ್ತಾಳೆ. ಎಲ್ಲ ಅಕ್ಷರಗಳೂ ಒಂದೊಂದಾಗಿ ಸುಡುತ್ತಿವೆ.

ವಾರ್ಷಿಕೋತ್ಸವಕ್ಕೆ ‘ಕಾಲುವೆ’ ಅಚ್ಚಾಗಿ ಬಂತು. ಸಣ್ಣ ಪುಸ್ತಕ, ನೀಲಿ ರಕ್ಷಾಪುಟ. ವೇದಿಕೆಯ ಮೇಲೆ ಸಿಂಧುವಿನ ಹೆಸರು ಕರೆದರು. ಚಪ್ಪಾಳೆ ಬಿತ್ತು. ಟೀಚರ್ ಬೆನ್ನು ತಟ್ಟಿದರು. ಆದರೂ ಅವಳು ಮನೆಗೆ ಬಂದು, ಒಂದು ಪ್ರತಿಯನ್ನು ಮೇಜಿನ ಮೇಲಿಟ್ಟು, ಬಾಗಿಲ ಕಡೆ ನೋಡುತ್ತ ಕೂತಳು. ಮುಂದಿನ ಭಾನುವಾರ ಮಾಮ ಬರುವವನಿದ್ದ.

ಬಂದ. ಕಾಲು ತೊಳೆದು ಚಾಪೆಯ ಮೇಲೆ ಕೂತು ಕೈ ಚಾಚಿದ. ಸಿಂಧು ಪುಸ್ತಕ ಕೊಟ್ಟಳು. ಮಾಮ ಅದನ್ನು ಅಂಗೈ ಮೇಲಿಟ್ಟು ತೂಕ ನೋಡಿದ. ತೆರೆದು ಮೂಸಿದ. ಹಾಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದ. ಕನ್ನಡಕ ಹಾಕಿಕೊಂಡು ಸಂಪಾದಕೀಯದ ಮೇಲೆ ಬೆರಳಿಟ್ಟು, ಸಾಲು ಸಾಲಾಗಿ, ತುಟಿ ಅಲ್ಲಾಡಿಸುತ್ತ ಓದಿದ.

“ನುಚ್ಚು ಎಷ್ಟು ಅದಾವ?” ಎಂದು ತಲೆ ಎತ್ತದೆ ಕೇಳಿದ.

“ಅಕ್ಕ ಎರಡು ತಪ್ಪು ಹಿಡಿದಾಳ,” ಎಂದಳು ಸಿಂಧು. ಅವಳ ದನಿ ಸಣ್ಣದಾಗಿತ್ತು. “ಅಚ್ಚಾದ ಮ್ಯಾಲೆ.”

“ಹೂಂ.”

ಕಪ್ಪೆಗಳ ಸಾಲಿಗೆ ಬಂದಾಗ ಅವನ ಮೀಸೆಯ ಒಂದು ತುದಿ ಕದಲಿತು. ಪುಟ ತಿರುಗಿಸಿದ. ಒಗಟು ಓದಿ ಮೇಲೆ ನೋಡಿ ಉತ್ತರ ಯೋಚಿಸಿದ. ಅಡುಗೆಮನೆಯಿಂದ ಅವ್ವ, “ಅಣ್ಣಾ, ಅನ್ನ ಆರತೈತಿ, ಏಳು,” ಎಂದಳು. ಅವನು ಏಳಲಿಲ್ಲ. ಸಿಂಧು ಅವನ ಮುಖ ನೋಡುತ್ತಿರಲಿಲ್ಲ. ನಾನೂ ನೋಡುತ್ತಿರಲಿಲ್ಲ. ಸಿರುಗುಪ್ಪದ ಗಿರಣಿಯವರಂತೆ ನಾವಿಬ್ಬರೂ ನೋಡುತ್ತಿದ್ದದ್ದು ಅವನ ಕೈಯನ್ನು.

ಮಾಮ ಪುಸ್ತಕ ಮುಚ್ಚಿದ. ಕನ್ನಡಕ ತೆಗೆದ. ‘ಕಾಲುವೆ’ಯನ್ನು ನಡುವೆ ಒಮ್ಮೆ ಮಡಚಿ, ಜುಬ್ಬಾದ ಜೇಬಿನಲ್ಲಿದ್ದ ಅಕ್ಕಿಯನ್ನು ಬೆರಳಿಂದ ಆಚೆ ಸರಿಸಿ ಜಾಗ ಮಾಡಿ, ಅದನ್ನು ಒಳಗಿಟ್ಟುಕೊಂಡು, ಊಟಕ್ಕೆ ಎದ್ದ.